ಎಂಜಲಾದ ಪಾಠ

ಮೊಮ್ಮಗಳು ಮೇಘನ ಕಿವಿಗೆ ಸಿಕ್ಕಿಸಿಕೊಳ್ಳುವ ಆ ಎರಡು ಬಿಳಿ ಗುಂಡಿಗಳಿಂದ ಆಚೆ ಸೋರುವ ಸದ್ದು, ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ ಸದ್ದಿನ ಹಾಗಿರುತ್ತದೆ. ಹುಣಸೂರಿನ ಕಾಲೇಜಿನಿಂದ ಬಂದು, ಕೈಕಾಲು ತೊಳೆದು ಜಗಲಿಯ ಮೇಲೆ ಕೂತಳೆಂದರೆ ಅದು ಶುರು. ಫೋನಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಮಾತಾಡುತ್ತಾರಂತೆ, ಆಮೇಲೆ ಪ್ರಶ್ನೆ ಕೇಳುತ್ತಾರಂತೆ, ಇವಳು ಸರಿಯುತ್ತರ ಒತ್ತಬೇಕಂತೆ. ನರ್ಸ್ ಕೆಲಸಕ್ಕೆ ಅಂಥದೊಂದು ಪರೀಕ್ಷೆ ಇದೆಯಂತೆ. ಓದಲಿ, ಬೇಡ ಅಂದವರು ಯಾರು? ನನಗೆ ಉರಿಯುವುದು ಓದಿನ ಮೇಲಲ್ಲ. ದನಿ ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ, ಅದಕ್ಕೆ. ಈ ಉರಿಯನ್ನು ಐವತ್ತು ವರ್ಷದ ಹಿಂದೆ ಒಮ್ಮೆ ನುಂಗಿದ್ದೆ. ಇನ್ನೂ ಅರಗಿಲ್ಲ.

ನನ್ನ ತೌರು ಪಿರಿಯಾಪಟ್ಟಣದ ಕಡೆ. ಮನೆಯ ಮಗ್ಗುಲಲ್ಲೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನು, ಎರಡಾಳೆತ್ತರದ ಇಟ್ಟಿಗೆ ಗೋಡೆ, ಅದರ ಮುಂದೆ ಒಂದು ದೊಡ್ಡ ಹುಣಸೆಮರ. ಆ ನೆರಳಲ್ಲಿ ಹೆಂಗಸರೆಲ್ಲ ಸಾಲಾಗಿ ಕೂತು ಹಸಿ ಸೊಪ್ಪನ್ನು ದಾರದಲ್ಲಿ ಕಡ್ಡಿಗೆ ಕಟ್ಟುತ್ತಿದ್ದರು. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿ ನನ್ನನ್ನೂ ಆ ಸಾಲಿಗೆ ಕೂರಿಸಿದ್ದರು. ಸೊಪ್ಪಿನ ಅಂಟು ಕೈಗೆ ಹತ್ತಿ ಕಪ್ಪಗಾದರೆ ಎಷ್ಟು ಉಜ್ಜಿದರೂ ಹೋಗದು, ಉಣ್ಣುವ ಮುದ್ದೆಯೂ ಕಹಿ. ಬ್ಯಾರನ್ನಿನ ಬಾಗಿಲ ಸಂದಿಯಿಂದ ಬರುತ್ತಿದ್ದ ಬೆಂದ ಸೊಪ್ಪಿನ ಬಿಸಿ ವಾಸನೆ ಮಾತ್ರ ಬೆಲ್ಲದ ಪಾಕದ ಹಾಗೆ ಸಿಹಿ. ಆ ವಾಸನೆ ಮೂಗಿಗೆ ಬಿದ್ದರೆ ಈಗಲೂ ನನ್ನ ಬೆರಳು ತಾವಾಗಿ ದಾರ ಸುತ್ತಲು ಹೊರಡುತ್ತವೆ.

ಅಣ್ಣ ರಾಜಣ್ಣ ಮಿಡಲ್ ಸ್ಕೂಲಿನಲ್ಲಿದ್ದ. ಅಪ್ಪನಿಗೆ ಅಕ್ಷರ ಬಾರದು. ಮಗ ಓದುತ್ತಿದ್ದಾನೋ ಇಲ್ಲವೋ ತಿಳಿಯಲು ಅವನಿಗಿದ್ದ ಅಳತೆ ಒಂದೇ, ಸದ್ದು. ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತಾ ಅಲ್ಲಿಂದಲೇ ಕೂಗುತ್ತಿದ್ದ: "ಜೋರಾಗಿ ಓದ್ಲಾ, ಒಲೆ ತಾವ್ಕೆ ಕೇಳ್ಬೇಕು!" ಅಣ್ಣ ಹುಣಸೆಮರದಡಿ ನಿಂತು ಕತ್ತಿನ ನರ ಉಬ್ಬಿಸಿಕೊಂಡು ಅರಚುತ್ತಿದ್ದ. ಒಂದು ಸಾಲು ಇಂಗ್ಲಿಷು, ಹಿಂದೆಯೇ ಅದರ ಕನ್ನಡ ಅರ್ಥ, ಪಾಠದ ಕೊನೆಗೆ ನಾಲ್ಕು ಪ್ರಶ್ನೆ, ನಾಲ್ಕು ಉತ್ತರ. ನಮ್ಮ ಕೈಗೆ ಕೆಲಸವಿತ್ತು, ಕಿವಿಗೆ ಇರಲಿಲ್ಲ. ಬೆಸ್ತರ ಹೆಂಗಸೊಬ್ಬಳು ಹೊಳೆ ದಾಟಲು ಬಂದು, ದಾಟದೆ ಹಿಂದಿರುಗಿದ ಪಾಠ ಒಂದಿತ್ತು. ಸೊಪ್ಪಿನ ಸುಗ್ಗಿ ಮುಗಿಯುವುದರೊಳಗೆ ನನಗೆ ಆ ಪಾಠ, ಹೊಳೆಯ ನೀರು ಕಣ್ಣಿಗೆ ಕಾಣುವಷ್ಟು, ಬಾಯಿಗೆ ಬಂದಿತ್ತು.

ಒಂದು ಸಂಜೆ ಇಂಗ್ಲಿಷ್ ಮೇಷ್ಟ್ರು ಸೈಕಲ್ಲು ನಿಲ್ಲಿಸಿ ಒಳಗೆ ಬಂದರು. ಅಪ್ಪ ಕಾಫಿ ಕೊಡಿಸಿ ಮೀಸೆ ತಿರುವಿದ. "ನಮ್ಮುಡುಗನ್ನ ಏನಾರ ಕೇಳಿ ಮೇಷ್ಟ್ರೇ, ಗಿಳಿ ಅಂಗೆ ಯೋಳ್ತಾನೆ." ಅಣ್ಣ ಉತ್ತರಗಳನ್ನು ಸಾಲಿನ ಪ್ರಕಾರ ಬಾಯಿಪಾಠ ಮಾಡಿದ್ದ. ಮೇಷ್ಟ್ರು ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿಬಿಟ್ಟರು: ಆ ಹೆಂಗಸು ಹೊಳೆ ಯಾಕೆ ದಾಟಲಿಲ್ಲ? ಅಣ್ಣ ಮೊದಲ ಉತ್ತರವನ್ನೇ ಕೂಗಿದ, ಅವಳು ಬೆಸ್ತನ ಹೆಂಡತಿ. "ಅದಲ್ಲ ಕಣೋ" ಅಂದರೆ ಅದನ್ನೇ ಇನ್ನೂ ಜೋರಾಗಿ ಕೂಗಿದ. ನನಗೆ ತಡೆಯಲಾಗಲಿಲ್ಲ. ಕಡ್ಡಿಯ ಮೇಲಿನ ಕಣ್ಣು ತೆಗೆಯದೆ, "ಬಿಕಾಸ್ ದ ಬೋಟ್ ಹ್ಯಾಡ್ ಎ ಹೋಲ್" ಅಂದೆ. ದೋಣಿಗೆ ತೂತಿತ್ತು, ಅದಕ್ಕೆ.

ಮೇಷ್ಟ್ರ ಲೋಟ ಬಾಯಿಯ ಹತ್ತಿರವೇ ನಿಂತಿತು. ಉಳಿದ ಮೂರನ್ನೂ ಕೇಳಿದರು, ಮೂರನ್ನೂ ಹೇಳಿದೆ. "ಗೌಡ್ರೇ, ಈ ಮಗೂನ ಶಾಲೆಗೆ ಕಳಿಸಿ. ಪುಸ್ತಕ ನಾನು ಕೊಡ್ತೀನಿ." ಅಪ್ಪ ನಕ್ಕ. "ಕಡ್ಡಿ ಕಟ್ಟೋರು ಯಾರು ಮೇಷ್ಟ್ರೇ, ನೀವು ಬತ್ತೀರಾ?" ಸಾಲಿಗೆ ಸಾಲೇ ನಕ್ಕಿತು. ಅವರು ಸೈಕಲ್ಲು ಹತ್ತಿದ ಮೇಲೆ ಅಪ್ಪನ ತಾಯಿ, ನಮ್ಮಜ್ಜಿ, ಎಲೆಅಡಿಕೆ ಉಗಿದು ತೀರ್ಪು ಕೊಟ್ಟಿತು: "ಇವ್ಳು ಬಾಯಾಕಿ ಪಾಠಾನ ಎಂಜ್ಲು ಮಾಡವ್ಳೆ ಕಣ್ರೋ. ಅದ್ಕೇ ಗಂಡುಮಗೀಗೆ ವಿದ್ಯೆ ತಲೆಗೆ ಅತ್ತುತ್ತಾ ಇಲ್ಲ." ವಿದ್ಯೆ ಅವರಿಗೆ ಒಂದೇ ತಟ್ಟೆಯ ಅನ್ನ. ಒಬ್ಬಳು ಬಾಯಿಟ್ಟರೆ ಇನ್ನೊಬ್ಬನಿಗೆ ಮುಗಿಯಿತು.

ಮಾರನೆಯ ಬೆಳಿಗ್ಗೆ ನಾನು ಹಾಸಿಕೊಂಡು ಕೂರುತ್ತಿದ್ದ ಗೋಣಿಚೀಲವನ್ನು ಬ್ಯಾರನ್ನಿನ ಹಿಂದಕ್ಕೆ ಎಳೆದುಕೊಂಡು ಹೋದವಳು ಅವ್ವ. "ಇನ್ಮ್ಯಾಕೆ ಇಲ್ಲೇ ಕೂತ್ಕೊ." "ಬಿಸ್ಲು ಕಣವ್ವ ಇಲ್ಲಿ." "ತಲೆ ಮ್ಯಾಲೆ ಟವಲ್ ಆಕೊ." ಅಲ್ಲಿಗೆ ಅಣ್ಣನ ದನಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಗೋಡೆಗೆ ಕಿವಿ ಕೊಟ್ಟು ನೋಡಿದೆ. ಒಳಗೆ ಬೆಂಕಿ, ಕಿವಿ ಸುಟ್ಟಿತು. ಅಪ್ಪನ ಮೇಲೂ ಅಜ್ಜಿಯ ಮೇಲೂ ನನಗೆ ಸಿಟ್ಟಿದೆ, ಆದರೆ ಅವರಿಗೆ ತಿಳಿದದ್ದೇ ಅಷ್ಟು. ಅವ್ವನನ್ನು ಮಾತ್ರ ನಾನು ಕ್ಷಮಿಸಿಲ್ಲ. ಆ ಮರದಡಿ ಅಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಕಡ್ಡಿ ಕಟ್ಟಿದವಳು ಅವಳು. ಅಣ್ಣ ಓದುವಾಗ ಅವಳ ತುಟಿ ಅಲ್ಲಾಡುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಇಂಗ್ಲಿಷಿಗೂ ಅಲ್ಲಾಡುತ್ತಿತ್ತು, ಕನ್ನಡಕ್ಕೂ ಅಲ್ಲಾಡುತ್ತಿತ್ತು.

ಅಣ್ಣ ಆ ವರ್ಷ ಇಂಗ್ಲಿಷಿನಲ್ಲಿ ಫೇಲಾದ, ಮರುವರ್ಷವೂ ಆದ. ಆಗ ಎಂಜಲಿನ ಮಾತು ಯಾರೂ ಎತ್ತಲಿಲ್ಲ. ಈಗ ಅವನಿಲ್ಲ, ಅವರ್ಯಾರೂ ಇಲ್ಲ. ಹುಣಸೆಮರವನ್ನು ಕಡಿದು ಅದೇ ಒಲೆಗೆ ಹಾಕಿದರು. ಬ್ಯಾರನ್ನು ಬಿದ್ದು, ಅದರ ಇಟ್ಟಿಗೆ ಯಾರದೋ ಕೊಟ್ಟಿಗೆಯ ಗೋಡೆಯಾಗಿದೆ. ನಿಮ್ಮ ತೌರಿನಲ್ಲೂ ಬಿದ್ದುಹೋದ ಗೋಡೆಯೊಂದು ಇದ್ದೀತು. ಬಿದ್ದದ್ದಕ್ಕೆ ಅಳುವುದೋ, ಅದು ನಿಂತಿದ್ದ ಕಾಲಕ್ಕೆ ಅಳುವುದೋ, ನನಗಂತೂ ಗೊತ್ತಾಗುವುದಿಲ್ಲ.

ನಿನ್ನೆ ಅವರೆಕಾಯಿ ಸುಲಿಯುತ್ತಿದ್ದವಳು ಮೇಘನಳಿಗೆ ಗದರಿದೆ. "ಕಿವೀಲಿರೋದ ಕೀಳೆ." ಅವಳು ಬೆಚ್ಚಿದಳು. "ನಿಂಗರ್ಥ ಆಗಲ್ವಲ್ಲಜ್ಜಿ. ಗಲಾಟೆ ಅಂತ ಬೈತೀಯ ಅಂತ ಆಕೊಂಡಿವ್ನಿ." "ಬೈಯೋದು ಎಂಗಿದ್ರೂ ಬೈತೀನಿ. ಜೋರಾಗಿ ಇಡು." ಫೋನನ್ನು ನಮ್ಮಿಬ್ಬರ ನಡುವೆ ಮೊರದ ಪಕ್ಕ ಇಟ್ಟಳು. ಯಾರೋ ಹೆಂಗಸು, ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ ಮಾತಾಡಿದಳು. ಎಲ್ಲೋ ಒಂದೊಂದು ಪದ ಸಿಕ್ಕಿತು, ಮಿಕ್ಕಿದ್ದು ಹೋಯಿತು. ಪ್ರಶ್ನೆ ಬಂತು. ಮೊಮ್ಮಗಳು ಉಗುರು ಕಚ್ಚುತ್ತಾ ಯೋಚಿಸುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿ, "ಏನಜ್ಜಿ, ತುಟಿ ಅಲ್ಲಾಡ್ಸ್ತಾ ಇದ್ದೀಯ?" ಅಂದಳು.

ನಾನು ಮೊರದಿಂದ ಇನ್ನೊಂದು ಅವರೆಕಾಯಿ ತೆಗೆದುಕೊಂಡೆ. ಅವ್ವ, ಆ ಸಂಜೆ ಮೇಷ್ಟ್ರ ಮುಂದೆ ನಿನಗೂ ಗೊತ್ತಿತ್ತು. ದೋಣಿಗೆ ತೂತಿತ್ತು ಅಂತ ನೀನೂ ಒಂದು ಸಲ ಬಾಯಿಬಿಟ್ಟು ಹೇಳಬಹುದಿತ್ತು.