ಬಿಸಿಲು ತೊಳೆಯುವ ನಲ್ಲಪ್ಪ

ವರ್ತೂರಿನಲ್ಲಿ ನಲ್ಲಪ್ಪ ಎಂದು ಕೇಳಿದರೆ ಮೂವರನ್ನು ತೋರಿಸುತ್ತಾರೆ. ಬಿಸಿಲು ತೊಳೆಯುವ ನಲ್ಲಪ್ಪ ಎಂದರೆ ಮಾತ್ರ ಇವನೊಬ್ಬನೇ. ಇವನ ಅಪ್ಪ ಕೆರೆ ಕೆಳಗೆ ಸೊಪ್ಪು ಬೆಳೆದು ನೀರು ಕಟ್ಟುತ್ತಿದ್ದ. ಮಗ ವೈಟ್‌ಫೀಲ್ಡ್ ಸುತ್ತಿನ ಕಾರ್ಖಾನೆಗಳ ಸೂರು ಹತ್ತಿ ಸೋಲಾರ್ ಪ್ಯಾನೆಲ್ಲುಗಳಿಗೆ ನೀರು ಹಾಕುತ್ತಿದ್ದ. ಉದ್ದ ಕೋಲಿನ ಬ್ರಷ್ಷು, ಹೆಗಲ ಮೇಲೊಂದು ಪೈಪು. ಬಿಸಿಲೇರುವ ಮೊದಲೇ ಮುಗಿಸಬೇಕು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು.

ಶರಟು ಪ್ಯಾಕ್ ಮಾಡುವ ಒಂದು ಶೆಡ್ಡಿನ ಮೇಲೆ ಮಾತ್ರ ಅವನ ಕೈ ನಿಧಾನ. ಆ ಸೂರಿನ ಕೆಳಗೆ ಅವನ ಮಗಳು ವೇಣಿ ಕೂತು ಶರಟು ಮಡಚುತ್ತಿದ್ದಳು.

ಒಮ್ಮೆ ದೀಪಶ್ರೀ ಎಂಬ ಇಂಜಿನಿಯರು ಆ ಸೂರಿನ ತಪಾಸಣೆಗೆ ಬಂದಿದ್ದಳು. ಈ ಶೀಟಿನ ಒಳಗೇನಿದೆ ಎಂದು ಕೇಳಿದಳು. ಎರಡು ತಗಡಿನ ನಡುವೆ ಥರ್ಮೋಕೋಲ್ ಎಂದು ನಲ್ಲಪ್ಪ ಬೆರಳಲ್ಲಿ ಬಡಿದು ತೋರಿಸಿದ. ಪ್ಯಾನೆಲ್ಲಿನ ಕಾಗದದಲ್ಲಿ ಬೆಂಕಿಗೆ 'ಎ' ದರ್ಜೆ ಎಂದು ಬರೆದಿದ್ದರೂ ಅದು ಪ್ಯಾನೆಲ್ಲಿಗಷ್ಟೇ ಕೊಡುವ ಅಂಕವಲ್ಲ, ಪ್ಯಾನೆಲ್ಲು, ಅದರ ಸ್ಟ್ಯಾಂಡು, ಕೆಳಗಿನ ಸೂರು ಮೂರನ್ನೂ ಕೂಡಿಸಿ ನೋಡಬೇಕು ಎಂದು ಅವಳು ಬಿಡಿಸಿ ಹೇಳಿದಳು.

"ಒಂದೇ ಜಾತಕ ಇಟ್ಕೊಂಡು ಮದುವೆ ಗೊತ್ತು ಮಾಡ್ದಂಗೆ ಅನ್ನಿ ಮೇಡಂ," ಎಂದ ನಲ್ಲಪ್ಪ. ಅವಳು ನಕ್ಕು, ಅದೇ ಎಂದಳು. ಹಾಗೆಯೇ ಬರೆದು ಕೊಟ್ಟು ಹೋದಳು. ಮುಂದಿನ ಸಲ ತಪಾಸಣೆಗೆ ಬೇರೆ ಯಾರೋ ಬಂದರು.

ಆಯುಧಪೂಜೆಗೆ ತಿಂಗಳಿರುವಾಗ ನಲ್ಲಪ್ಪ ಅದೇ ಸೂರಿನ ಮೇಲೆ ಒಂದು ಕಡೆ ಬಗ್ಗಿ ನೋಡುತ್ತಾನೆ, ಎರಡು ತಂತಿ ಕೂಡುವ ಪ್ಲಾಸ್ಟಿಕ್ಕು ಸೀದ ದೋಸೆಯ ಹಾಗೆ ಕಂದಿದೆ. ಮೂಗು ಹತ್ತಿರ ಒಯ್ದ. ಸುಟ್ಟ ವಾಸನೆ. ನೆಟ್ಟಗೆ ಇಳಿದು ಮ್ಯಾನೇಜರ್ ಕೊಟ್ರೇಶನ ಮುಂದೆ ನಿಂತ.

ದಾವಣಗೆರೆ ಕಡೆಯ ಕೊಟ್ರೇಶ ಕೆಟ್ಟವನೇನಲ್ಲ. ಕಪಾಟಿನಿಂದ ಕಾಗದ ತೆಗೆದ. "ಬೆಂಕಿಗೆ ಎ ಗ್ರೇಡ್ ಅಂತ ಬರ್ದಾರ ನೋಡ್ರಿ ನಲ್ಲಪ್ಪ. ನಿಮ್ ಮೂಗಿಗೆ ಯಾವ ಗ್ರೇಡ್ ಕೊಟ್ಟಾರ?"

ಆಫೀಸಿನವರು ನಕ್ಕರು. ಮರ್ಯಾದೆಗೆ ನಲ್ಲಪ್ಪನೂ ನಕ್ಕ. ಆಮೇಲೆ ಹೇಳಿದ: "ಅದು ಈ ಸೂರು ನೋಡಿ ಬರ್ದಿದ್ದಲ್ಲ ಸಾ. ಕೆಳಗೆ ನನ್ ಮಗಳವಳೆ."

ಕೊಟ್ರೇಶ ನಗು ನಿಲ್ಲಿಸಿ ಮೇಲಿನವರಿಗೆ ಮೇಲ್ ಕಳಿಸಿದ. ಈಗಿನ ಆರ್ಡರ್ ಮುಗಿಯಲಿ ಎಂದು ಉತ್ತರ ಬಂತು. ನಲ್ಲಪ್ಪ ಮನೆಗೆ ಹೋಗಿ, ಆ ಕೆಲಸ ಬಿಡು ಎಂದು ಮಗಳಿಗೆ ಗೋಗರೆದ.

"ಬಿಟ್ಟು ಎಲ್ಲಿಗೋಗ್ಲಿ ಅಪ್ಪ? ಇರೋ ಶೆಡ್ಡೆಲ್ಲಾ ಇಂಗೇ ಅವೆ," ಎಂದಳು ವೇಣಿ.

ಹಬ್ಬ ಬಂತು. ಪ್ರತಿ ವರ್ಷ ಬ್ರಷ್ಷು, ಪೈಪು, ಪ್ಯಾನೆಲ್ಲು ಎಲ್ಲಕ್ಕೂ ಅರಿಸಿನ ಕುಂಕುಮ ಇಟ್ಟು, ಸೂರಿನ ಮೇಲೇ ಕರ್ಪೂರ ಬೆಳಗುವುದು ಅವನ ರೂಢಿ. ಈ ಸಲ ಕುಂಕುಮವನ್ನಷ್ಟೇ ಮೇಲೆ ಇಟ್ಟ. ಕರ್ಪೂರದ ತಟ್ಟೆ ಹಿಡಿದು ಒಂದು ಫೋಟೋಗೆ ನಿಲ್ಲಿ ಎಂದು ಕೊಟ್ರೇಶ ಕೇಳಿದಾಗ, ಹಚ್ಚದೆಯೇ ಹಿಡಿದು ನಿಂತ. ಆಮೇಲೆ ಕೆಳಗಿಳಿದು, ನೀರಿನ ಸಂಪಿನ ಪಕ್ಕ ನೆಲದ ಮೇಲೆ ಹಚ್ಚಿದ. ಆರುವವರೆಗೂ ಕಾದು, ಮೇಲೊಂದು ಚೊಂಬು ನೀರನ್ನೂ ಸುರಿದ.

ಹಬ್ಬದ ಮೇಲೆ ಎರಡು ದಿನದ ರಜೆ ಮುಗಿದು ಶೆಡ್ಡು ತೆರೆದ ಮೂರನೆಯ ದಿನ, ನಡು ಮಧ್ಯಾಹ್ನ, ಸೂರು ಹೊತ್ತಿಕೊಂಡಿತು. ಬೆಂಕಿ ಆರಿಸುವವರು ಬಂದರೂ ತುಸು ಹೊತ್ತು ದೂರವೇ ನಿಲ್ಲಬೇಕಾಯಿತು. ಬಿಸಿಲಿರುವ ತನಕ ಪ್ಯಾನೆಲ್ಲಿನ ಕರೆಂಟು ನಿಲ್ಲುವುದಿಲ್ಲವಲ್ಲ. ಒಳಗೆ ಥರ್ಮೋಕೋಲ್ ಕರಗಿ ಉರಿಯಾಗಿ ತೊಟ್ಟಿಕ್ಕುತ್ತಿತ್ತು. ಎಲ್ಲರೂ ಜೀವಸಹಿತ ಹೊರಬಂದರು. ವೇಣಿಯೂ ಬಂದಳು. ಅವಳೊಂದಿಗೆ ಬಂದ ಕೆಮ್ಮು ಇನ್ನೂ ಹೋಗಿಲ್ಲ.

ಕಂಪನಿಯವರು ತಾವೇ ವಿಚಾರಣೆ ಮಾಡಿದರು. ಮೇಜಿನ ಮೇಲೆ ಒಂದು ಕಡೆ 'ಎ' ದರ್ಜೆಯ ಕಾಗದ, ಇನ್ನೊಂದು ಕಡೆ ಸೂರಿನ ಮೇಲೆ ಕರ್ಪೂರದ ತಟ್ಟೆ ಹಿಡಿದ ನಲ್ಲಪ್ಪನ ಫೋಟೋ. ಹಚ್ಚಿರಲಿಲ್ಲ ಎಂಬುದು ಬಿಸಿಲಲ್ಲಿ ತೆಗೆದ ಫೋಟೋದಲ್ಲಿ ಕಾಣುವುದಿಲ್ಲ.

"ಐದು ದಿನ ಉರಿಯೋ ಕರ್ಪೂರ ಯಾವ ಅಂಗಡೀಲಿ ಸಿಗ್ತದೆ ಸಾ?" ಎಂದು ಅವನು ಕೇಳಿದ.

ಕೊಟ್ರೇಶ ತನ್ನ ಫೋನು ನೋಡುತ್ತಾ ಕೂತಿದ್ದ. ತಾನು ಕಳಿಸಿದ ಮೇಲ್ ಅದರಲ್ಲೇ ಇತ್ತು. ವಿಚಾರಣೆಯವರು ಬೆಂಕಿ ಹತ್ತಿದ್ದು ಪೂಜೆಯ ಕಿಡಿಯಿಂದ ಎಂದು ಬರೆದು ಮುಗಿಸಿದರು.

ಆಮೇಲೆ ಯಾವ ಸೂರೂ ನಲ್ಲಪ್ಪನನ್ನು ಹತ್ತಿಸಿಕೊಳ್ಳಲಿಲ್ಲ. ಸುಡದೆ ಉಳಿದ ಪ್ಯಾನೆಲ್ಲುಗಳನ್ನು ಒರೆಸಿ, ಅದೇ ಕಾಗದದ ಜೊತೆ ಹೊಸಕೋಟೆ ರಸ್ತೆಯ ಇನ್ನೊಂದು ಶೆಡ್ಡಿನ ಮೇಲೆ ಕೂರಿಸಿದರು. ಎರಡು ತಿಂಗಳು ಅಲೆದ ವೇಣಿಗೆ ಕೆಲಸ ಸಿಕ್ಕಿದ್ದು ಅಲ್ಲೇ.

ಈಗ ನಲ್ಲಪ್ಪ ದಿನಾ ಅವಳನ್ನು ಗೇಟಿನವರೆಗೆ ಬಿಡುತ್ತಾನೆ. ಶೀಟು ಕತ್ತರಿಸಿದ ಅಂಚಿನಲ್ಲಿ ಬೆಳ್ಳಗೆ ಥರ್ಮೋಕೋಲ್ ಇಣುಕುವುದು ಕೆಳಗಿನಿಂದಲೇ ಕಾಣುತ್ತದೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಮೂಗು ಮೇಲೆತ್ತುತ್ತಾನೆ. ಗಾಳಿ ಶೆಡ್ಡಿನ ಕಡೆಯಿಂದ ಬಂದರೆ ತಾನೇ ಮೂಗಿಗೆ ಕೆಲಸ? ಈ ತಿಂಗಳೆಲ್ಲ ಗಾಳಿ ಇವನ ಬೆನ್ನ ಹಿಂದಿನಿಂದ ಶೆಡ್ಡಿನ ಕಡೆಗೇ ಬೀಸುತ್ತಿದೆ.