ಗುಬ್ಬಿಯಲ್ಲಿ ಎದುರಾದ ಡಾಕ್ಟರು

ಕೇಳಿ ಎಲ್ಲರೂ, ಬೆಳಿಗ್ಗೆ ತುಮಕೂರಿನ ನರ್ಸಿಂಗ್ ಹೋಮಿನ ನರ್ಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಟ್ಟೆ. ಮಗಳಿನ್ನೂ ಚಿಕ್ಕವಳು, ವಾರಕ್ಕೆ ಮೂರೇ ದಿನ ಬರುತ್ತೇನೆ ಎಂದಿದ್ದಕ್ಕೆ ನಮ್ಮ ಡಾಕ್ಟರು ಸಿಡುಕಿದ್ದರು: "ಬೇಕಾದಾಗ ಬಂದು ಹೋಗೋಕೆ ಇದೇನು ಛತ್ರನಾ ಸಿಸ್ಟರ್?"

ಮಧ್ಯಾಹ್ನ ಗುಬ್ಬಿಯ ಚಿಕ್ಕ ಆಸ್ಪತ್ರೆಯೊಂದರಲ್ಲಿ ಮೂರು ದಿನದ ಕೆಲಸ ಸಿಕ್ಕಿತು. ಖುಷಿಯಲ್ಲಿ ವಾರ್ಡಿಗೆ ಹೋದರೆ, ಅಜ್ಜಿಯೊಬ್ಬರ ನಾಡಿ ನೋಡುತ್ತಿದ್ದವರು ಅದೇ ಡಾಕ್ಟರು.

"ನೀನೇನಮ್ಮ ಇಲ್ಲಿ?"

"ವಾರಕ್ಕೆ ಮೂರು ದಿನ ಬರ್ತೀನಿ ಸಾರ್. ನೀವು?"

"ಎರಡು ದಿನ," ಎಂದರು ಮೆಲ್ಲಗೆ.

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. "ಆ ರಾಜೀನಾಮೆ ಹರಿದಾಕ್ತೀನಿ. ಈ ಮೂರು ದಿನ ತುಮಕೂರಿಗೇ ಬಾರಮ್ಮ."

"ನೋಡೋಣ ಸಾರ್, ಯೋಚ್ನೆ ಮಾಡಿ ಹೇಳ್ತೀನಿ," ಎಂದೆ.

ಇಷ್ಟು ವರ್ಷ ನಾನು ರಜೆ ಕೇಳಿದಾಗಲೆಲ್ಲ ಅವರು ಹೇಳುತ್ತಿದ್ದ ಮಾತು ಅದು. ಹೇಳುವುದಕ್ಕೆ ಇಷ್ಟು ಚೆನ್ನಾಗಿರುತ್ತದೆಂದು ಗೊತ್ತೇ ಇರಲಿಲ್ಲ.