ಸಿಪ್ಪೆ ಇದ್ದದ್ದು ಮಾತ್ರ

ನನ್ನ ಕಾಕಾ, ಅಂದರೆ ಅಪ್ಪನ ತಮ್ಮ, ಮೊದಲಿನಿಂದಲೂ ತಿಕ್ಕಲು ಮನುಷ್ಯ. ಮದುವೆಯಾಗಲಿಲ್ಲ. ಕಲಬುರಗಿಯಲ್ಲಿ ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಮನೆ, ಮೇಲಿನ ಕೋಣೆ ಅವರದು. ಚಪ್ಪಲಿಯನ್ನು ಮಂಚದ ಕೆಳಗೇ ಇಟ್ಟುಕೊಳ್ಳುವರು. ಮೂರು ಗಡಿಯಾರಗಳಲ್ಲಿ ಮೂರು ಬೇರೆ ಸಮಯ ಇಡುವರು. ನಾವು ನಗುತ್ತಿದ್ದೆವು, ಅವರೂ ನಗುತ್ತಿದ್ದರು. ಅವರ ನಗು ಯಾವಾಗ ನಿಂತಿತೋ, ನಾನು ಗಮನಿಸಲೇ ಇಲ್ಲ.

ಒಂದು ಮಧ್ಯಾಹ್ನ ಊಟದ ತಾಟನ್ನು ನನ್ನ ಕಡೆ ತಳ್ಳಿ, "ಮೊದಲ ನೀ ತಿನ್ನು" ಅಂದರು. ತಿಂದು ತೋರಿಸಿದೆ. "ನೀ ತಿಂದ ಕಡಿಗಿ ಹಾಕಿರಂಗಿಲ್ಲ ಬಿಡು" ಅಂದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು.

"ಯಾರ್ ಹಾಕ್ತಾರ ಕಾಕಾ? ವಿಷ ಯಾಕ್ ಹಾಕ್ತಾರ?" ಎಂದು ಒದರಿದೆ.

"ಯಾರು ಅಂತ ನಿನಗ ಗೊತ್ತದ" ಅಂದರು, ತಣ್ಣಗೆ.

ಒಂದೇ ತಿಂಗಳಲ್ಲಿ ಅಂಗಿ ಅವರ ಮೈಮೇಲೆ ಜೋತಾಡತೊಡಗಿತು. ನಿದ್ದೆ ಬರುತ್ತಿಲ್ಲ ಎಂಬ ನೆಪದಲ್ಲಿ ಮನೋರೋಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಕಾಕಾನನ್ನು ಹೊರಗೆ ಕೂರಿಸಿ, ಎಲ್ಲ ಹೇಳಿ, "ತಿಕ್ಕಲಿಗೂ ರೋಗಕ್ಕೂ ಏನ್ರೀ ಫರಕು?" ಎಂದು ಕೇಳಿದೆ.

"ಗಡಿಯಾರ ಹೆಂಗರೆ ಇಟ್ಕೊಳ್ಳಲಿ, ಬಿಡ್ರಿ. ಆದ್ರ ಈಗ ಊಟ, ನಿದ್ದಿ ಬಿಡಸ್ಯದಲ್ಲ, ಇದಕ್ಕ ಔಷಧ ಬೇಕು. ಅವರ ಕೂಡ ವಾದ ಮಾಡಬ್ಯಾಡ್ರಿ, ಹೌದು ಅಂತನೂ ಅನಬ್ಯಾಡ್ರಿ. 'ನನಗ ಹಂಗ ಅನ್ಸಂಗಿಲ್ಲ, ಆದ್ರ ನಿಮಗ ಹೆದರಿಕಿ ಆಗ್ಯದ, ಅದು ಖರೆ' ಅಂತ ಹೇಳ್ರಿ. ಗುಳಿಗಿ ಮಾತ್ರ ಕದ್ದು ತಿನ್ನಸಬ್ಯಾಡ್ರಿ."

ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದೆ. ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿ ಪುಟ್ಟ ವಾಟಿಯಲ್ಲಿಟ್ಟು ನೀರಿನ ಜೊತೆ ಕೊಟ್ಟೆ. ಪ್ರತಿ ಸಲವೂ ಬೆರಳಿನಿಂದ ಆಚೆ ಸರಿಸಿದರು.

ಹಾಗಾದರೆ ಏನು ತಿಂದು ಬದುಕಿದ್ದಾರೆ ಇವರು? ನನಗೆ ಅದೇ ಕುತೂಹಲ ಹತ್ತಿಕೊಂಡಿತು. ಕದ್ದು ನೋಡಿದೆ. ಸುಲಿಯದ ಶೇಂಗಾ, ಮೋಸಂಬಿ, ಕಮಲಾಪುರದ ಕೆಂಪು ಬಾಳೆಹಣ್ಣು. ರೊಟ್ಟಿ ಅಂಗಡಿಗೆ ಹೋದರೆ ಅಷ್ಟೆತ್ತರದ ಗುಡ್ಡೆಯ ನಟ್ಟನಡುವಿನಿಂದ ತಾವೇ ಒಂದು ರೊಟ್ಟಿ ಎಳೆದುಕೊಳ್ಳುವರು. ಯಾವುದನ್ನು ಎಳೆಯುತ್ತಾರೆಂದು ಯಾರಿಗೂ ಮೊದಲೇ ತಿಳಿಯುವುದಿಲ್ಲವಲ್ಲ! ಸಿಪ್ಪೆ ಇದ್ದದ್ದು ಪಾಸು, ನಾವು ಆರಿಸಿ ಕೊಟ್ಟದ್ದು ಫೇಲು. ಎಷ್ಟು ಚೊಕ್ಕ ಲೆಕ್ಕಾಚಾರ ಎಂದು ಬೆರಗಾದೆ. ಕಂಡುಹಿಡಿದ ನನ್ನ ಮೇಲೆ ನನಗೇ ಅಭಿಮಾನ ಬಂತು.

ಆ ಅಭಿಮಾನವೇ ನನ್ನ ತಲೆ ಕೆಡಿಸಿತು. ಬಾಳೆಹಣ್ಣಿನ ತೊಟ್ಟಿನ ಹತ್ತಿರ ಚಾಕುವಿನಿಂದ ಸಣ್ಣಗೆ ಸೀಳಿ, ಗುಳಿಗೆ ತುರುಕಿ ಕೊಟ್ಟೆ. ಕಾಕಾ ಸುಲಿದರು, ಹಣ್ಣನ್ನು ಎರಡು ಭಾಗ ಮಾಡಿದರು. ಬಿಳಿಯ ಗುಳಿಗೆ ಅಂಗೈಗೆ ಬಿತ್ತು. ಬೈಯಲಿಲ್ಲ. "ನೀನೂನಾ?" ಅಂದರು, ಅಷ್ಟೇ.

ಆಮೇಲೆ ಎರಡು ದಿನ ಬರೀ ನಲ್ಲಿ ನೀರು. ಮೂರನೆಯ ದಿನ ಬೆಳಿಗ್ಗೆ ಕೋಣೆ ಖಾಲಿ, ಮಂಚದ ಕೆಳಗೆ ಚಪ್ಪಲಿ ಇಲ್ಲ. ಗಲ್ಲಿ ಗಲ್ಲಿ ಹುಡುಕಿದೆ. ನಮ್ಮ ಮನೆಗೆ ಬರುವ ಹಣ್ಣಿನ ಮೇಲೆ ನಂಬಿಕೆ ಹೋದ ಮೇಲೆ ಈ ಮನುಷ್ಯ ಎಲ್ಲಿಗೆ ಹೋದಾರು ಎಂದು ಯೋಚಿಸಿ, ಕಮಲಾಪುರದ ಬಸ್ಸು ಹತ್ತಿದೆ.

ಅಲ್ಲೇ ಇದ್ದರು. ರಸ್ತೆ ಬದಿಯ ಹಣ್ಣಿನವನ ಹತ್ತಿರ ಕಲ್ಲಿನ ಮೇಲೆ ಕೂತು, ಗೊನೆಯ ನಡುವಿನಿಂದ ತಾವೇ ಕಿತ್ತ ಹಣ್ಣು ತಿನ್ನುತ್ತಿದ್ದರು. ಬೈಯಬೇಕೆಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಆ ಕುತ್ತಿಗೆಯ ಎಲುಬು ನೋಡಿದ ಮೇಲೆ ಅದನ್ನೆಲ್ಲ ಬಿಟ್ಟು ಅವರ ಪಕ್ಕ ಕೂತೆ.

"ಕಾಕಾ, ಹಣ್ಣಿನ್ಯಾಗ ಗುಳಿಗಿ ಇಟ್ಟಾಕಿ ನಾನೇ. ಬ್ಯಾರೆ ಯಾರೂ ಅಲ್ಲ. ತಪ್ಪಾತ್ರೀ."

ಜಗಿಯುವುದನ್ನು ನಿಲ್ಲಿಸಿದರು. "ಅಂದ್ರ ಅವತ್ತಿನ ನನ್ನ ಅನುಮಾನ ಖರೆ ಇತ್ತು?"

"ಅವತ್ತಿಂದು ಖರೆ ಇತ್ತು."

ಕೈ ಚಾಚಿದರು. "ಒಬ್ಬಾಕಿರೆ ಒಪ್ಕೊಂಡಿ. ಎಲ್ಲದ ಆ ಗುಳಿಗಿ? ತೋರ್ಸು."

ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಹಾಗೇ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿದರು. ಬೆನ್ನಿನ ಬೆಳ್ಳಿ ಹಾಳೆಯನ್ನು ಉಗುರಿನಿಂದ ಕೆರೆದರು. ಒಂದೊಂದು ಗುಳ್ಳೆಯನ್ನೂ ಬೆರಳಿನಿಂದ ಮುಟ್ಟಿದರು.

"ಇದಕ್ಕೂ ಸಿಪ್ಪಿ ಅದಲ್ಲ! ಇಷ್ಟು ದಿನ ಯಾಕ ಸುಲಿದು ಕೊಡ್ತಿದ್ದಿ?"

ಅಯ್ಯೋ ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಲೆಕ್ಕಾಚಾರ ಕಂಡುಹಿಡಿದವಳು ನಾನು, ಸಿಪ್ಪೆ ಕಿತ್ತೆಸೆದವಳೂ ನಾನೇ. ಪಟ್ಟಿಯ ನಡುವಿನ ಗುಳಿಗೆಯನ್ನು ಅವರೇ ಒತ್ತಿ ತೆಗೆದು, ಬಾಳೆಹಣ್ಣಿನ ಜೊತೆ ನುಂಗಿದರು.

ಈಗ ದಿನಾ ಅವರೇ ತೆಗೆದುಕೊಳ್ಳುತ್ತಾರೆ. ಮೈ ಸ್ವಲ್ಪ ತುಂಬಿದೆ. ನಮ್ಮ ಮನೆಯ ರೊಟ್ಟಿ ಇನ್ನೂ ಮುಟ್ಟುವುದಿಲ್ಲ, ಅಂಗಡಿಯದೇ ಆಗಬೇಕು. ಮೊನ್ನೆ ಯಾಕೋ ನನಗೆ ಸಂಶಯ ಬಂತು. ಗುಳಿಗೆಯನ್ನು ದವಡೆಯಲ್ಲಿ ಅಡಗಿಸಿಟ್ಟು ಆಮೇಲೆ ಉಗಿಯುತ್ತಾರೇನೋ!

"ಕಾಕಾ, ಬಾಯಿ ತೆಗೀರಿ, ನೋಡ್ತೀನಿ" ಅಂದೆ.

ತೆಗೆದರು. ನಾಲಿಗೆ ಎತ್ತಿಯೂ ತೋರಿಸಿದರು. ಏನೂ ಇರಲಿಲ್ಲ. ಬಾಯಿ ಮುಚ್ಚಿ, ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದರು:

"ನಾ ಉಗುಳ್ತೀನಿ ಅಂತ ನನಗೇನೂ ಅನ್ಸಂಗಿಲ್ಲವ್ವಾ. ಆದ್ರ ನಿನಗ ಹೆದರಿಕಿ ಆಗ್ಯದ, ಅದು ಖರೆ."